ಆಟಿಯ ಮಳೆಯಲ್ಲಿ ಎಳೆಮಗುವಿನ ಹಾಸಿಗೆ: ಒಗೆಯುವ, ಒಣಗಿಸುವ, ತೆಗೆದಿಡುವ ಕ್ರಮ

ಕಾಸರಗೋಡಿನ ಕಡೆ ಎಳೆಮಗುವಿನ ಹಾಸಿಗೆಯನ್ನು ಕೆಡಿಸುವುದು ಕೊಳೆಗಿಂತ ಹೆಚ್ಚಾಗಿ ತೇವ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಯುವ ಈ ಊರುಗಳಲ್ಲಿ ಒಗೆಯುವ ನೀರಿಗೆ ಬರವಿಲ್ಲ. ಒಗೆದದ್ದನ್ನು ಒಣಗಿಸುವುದೇ ಬಾಣಂತಿ ಇರುವ ಮನೆಯ ದೊಡ್ಡ ಕೆಲಸ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಆಸುಪಾಸಿನಲ್ಲಿ, ಎದುರಿಗೆ ಅಡಿಕೆ ತೋಟವೂ ಬೆನ್ನಿಗೆ ಗುಡ್ಡವೂ ಇರುವ ಮನೆಗಳಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳುವರ ಆಟಿ ತಿಂಗಳು ಬಂತೆಂದರೆ ಗೋಡೆಯೇ ಬೆವರುತ್ತದೆ. ಅಂಥ ಮನೆಯಲ್ಲಿ ಮಗುವಿನ ಹಾಸಿಗೆ ಶುಚಿಯಾಗಿದೆಯೇ ಎಂದು ತಿಳಿಯಲು ಕಣ್ಣು ಸಾಲದು. ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಬೇಕು, ಮೂಗಿಗೆ ಹಿಡಿದು ನೋಡಬೇಕು. ಕೆನ್ನೆಗೆ ತಣ್ಣಗೆ ತಾಗಿದರೆ ಅದು ಒಣಗಿಲ್ಲ. ಮುಗ್ಗಲು ವಾಸನೆ ಬಂದರೆ ಬೂಸ್ಟು ಆಗಲೇ ಹಿಡಿದಿದೆ.

ಇಲ್ಲಿಯ ಆಸ್ಪತ್ರೆಯ ಚೀಟಿಗಳಲ್ಲೂ ಸಾಬೂನಿನ ಪೊಟ್ಟಣಗಳ ಮೇಲೂ ಇರುವ ಸೂಚನೆಗಳು ಹೆಚ್ಚಾಗಿ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರುತ್ತವೆ. ಕನ್ನಡವನ್ನಷ್ಟೇ ಸರಾಗವಾಗಿ ಓದುವ ಅಜ್ಜಿಯಂದಿರು ಮತ್ತು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗುತ್ತದೆ. ಅವರ ಕೈಗೆ ನೇರವಾಗಿ ಸಿಗಲೆಂದು, ನಮ್ಮ ಮನೆಯಲ್ಲಿ ಮೂರು ಮಕ್ಕಳ ಬಾಣಂತನದಲ್ಲಿ ಕಂಡದ್ದನ್ನೂ ಮಕ್ಕಳ ವೈದ್ಯರಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತಲೆದಿಂಬು ಬೇಕೇ?

ಮಗು ಹುಟ್ಟಿದ ಮನೆಗೆ ಸಾಸಿವೆ ತುಂಬಿದ ಪುಟ್ಟ ದಿಂಬೊಂದು ಹೇಗೋ ಬಂದು ಸೇರುತ್ತದೆ. ಕೆಲವು ಮನೆಗಳಲ್ಲಿ ಅದು ರಾಗಿಯದು, ಕೆಲವು ಕಡೆ ಬೂರುಗದ ಹತ್ತಿಯದು. ಮಗುವಿನ ತಲೆ ಉರುಟಾಗಲಿ ಎಂಬ ಪ್ರೀತಿಯಿಂದಲೇ ಹಿರಿಯರು ಅದನ್ನು ಹೊಲಿದು ಕೊಡುತ್ತಾರೆ. ಆದರೆ ಮೊದಲ ಒಂದು ವರ್ಷ ಮಗುವಿಗೆ ದಿಂಬೇ ಬೇಡ ಎಂಬುದು ಇಂದಿನ ಮಕ್ಕಳ ವೈದ್ಯರ ಸ್ಪಷ್ಟ ಮಾತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸೂಚನೆಗಳಲ್ಲಿಯೂ ಇದೇ ಇದೆ. ಎಳೆಮಗುವಿನ ಕುತ್ತಿಗೆಗೆ ಬಲವಿರುವುದಿಲ್ಲ. ಮುಖ ದಿಂಬಿನೊಳಗೆ ಹುದುಗಿದರೆ ಅದು ತಲೆಯನ್ನು ತಿರುಗಿಸಿಕೊಳ್ಳಲಾರದು. ತಲೆ ಎತ್ತರಕ್ಕೆ ಬಂದು ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿಯೇ ಇಕ್ಕಟ್ಟಾಗುತ್ತದೆ. ಸಮತಟ್ಟಾದ, ಒತ್ತಿದರೆ ಹೆಚ್ಚು ತಗ್ಗದ ಹಾಸಿಗೆಯ ಮೇಲೆ ಅಂಗಾತ ಮಲಗಿಸುವುದೇ ಸರಿಯಾದ ಕ್ರಮ.

ತಲೆಯ ಹಿಂಭಾಗ ಚಪ್ಪಟೆಯಾದೀತು ಎಂಬ ಚಿಂತೆಗೆ ಬೇರೆ ಪರಿಹಾರವಿದೆ. ಮಗು ಎಚ್ಚರವಾಗಿದ್ದಾಗ, ಯಾರಾದರೂ ಎದುರಿಗೇ ಕುಳಿತು, ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಮಲಗಿಸಬೇಕು. ಮಲಗಿಸುವಾಗ ಇಂದು ತಲೆ ಇದ್ದ ಕಡೆಗೆ ನಾಳೆ ಕಾಲು ಬರುವಂತೆ ದಿಕ್ಕು ಬದಲಿಸಿದರೆ ಮಗು ಬೆಳಕಿನತ್ತ, ಬಾಗಿಲಿನತ್ತ ನೋಡಲು ತಲೆಯನ್ನು ಎರಡೂ ಬದಿಗೆ ತಿರುಗಿಸುತ್ತದೆ. ಕುಳಿತುಕೊಳ್ಳಲು ಕಲಿತ ಮೇಲೆ ಹೆಚ್ಚಿನ ಮಕ್ಕಳ ತಲೆ ತಾನಾಗಿ ಸರಿಯಾಗುತ್ತದೆ.

ಶುಚಿತ್ವದ ದೃಷ್ಟಿಯಿಂದಲೂ ಸಾಸಿವೆಯ ದಿಂಬು ಈ ಮಳೆಯ ನಾಡಿಗೆ ಹೇಳಿದ್ದಲ್ಲ. ನಮ್ಮ ಮನೆಯ ಎರಡನೆಯ ಮಗು ಹುಟ್ಟಿದ್ದು ಆಟಿಯಲ್ಲಿ. ಮಗು ಕಕ್ಕಿದ ಹಾಲೂ ತಲೆಯ ಬೆವರೂ ದಿಂಬಿಗೆ ಇಳಿಯುತ್ತಿದ್ದವು. ನಾವು ಮೇಲಿನ ಚೀಲವನ್ನು ದಿನವೂ ಬದಲಿಸಿ, ಎಲ್ಲವೂ ಶುಚಿಯಾಗಿದೆ ಎಂದುಕೊಂಡಿದ್ದೆವು. ಮೂರನೆಯ ವಾರ ಹುಳಿ ವಾಸನೆ ಬಂದಾಗ ಹೊಲಿಗೆ ಬಿಚ್ಚಿ ನೋಡಿದರೆ ಒಳಗಿನ ಸಾಸಿವೆ ಉಂಡೆಗಟ್ಟಿ, ಬಿಳಿ ಬೂಸ್ಟು ಹಿಡಿದು, ಕೆಲವು ಕಾಳು ಮೊಳಕೆಯನ್ನೂ ಒಡೆದಿತ್ತು. ಮಗುವಿನ ಮೂಗು ಅಷ್ಟು ದಿನವೂ ಅದರಿಂದ ಒಂದು ಗೇಣು ದೂರದಲ್ಲಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕಾಳಿನ ದಿಂಬನ್ನು ಒಗೆಯುವಂತಿಲ್ಲ, ಒಗೆಯಲಾಗದ ವಸ್ತು ಮಗುವಿನ ತಲೆಯ ಕೆಳಗೆ ಇರಬಾರದು. ಹಿರಿಯರು ಕೊಟ್ಟದ್ದನ್ನು ಅವರ ಮನಸ್ಸು ನೋಯದಂತೆ ತೆಗೆದಿಡಿ, ಮಗುವಿನ ಹಾಸಿಗೆಗೆ ತರಬೇಡಿ.

ವರ್ಷ ತುಂಬಿದ ಮೇಲೆ, ಮಗು ತಾನಾಗಿ ದಿಂಬು ಬಯಸತೊಡಗಿದಾಗ, ತೆಳ್ಳಗಿನ, ಗಟ್ಟಿಯಾದ, ಇಡಿಯಾಗಿ ಒಗೆಯಬಹುದಾದ ಒಂದು ದಿಂಬು ಸಾಕು. ಚೀಲವನ್ನು ವಾರಕ್ಕೆ ಎರಡು ಬಾರಿ, ಕೂಸಿನ ತಲೆಗೆ ಎಣ್ಣೆ ಹಚ್ಚುವ ಮನೆಗಳಲ್ಲಿ ದಿನ ಬಿಟ್ಟು ದಿನ ಬದಲಿಸಬೇಕು. ದಿಂಬನ್ನು ಎರಡು ತಿಂಗಳಿಗೊಮ್ಮೆ ಒಗೆದು ಪೂರ್ತಿ ಒಣಗಿಸಬೇಕು. ಬೂರುಗದ ಹತ್ತಿಯ ದಿಂಬನ್ನು ನೀರಿಗೆ ಹಾಕಿದರೆ ಎಳೆಗಳು ಗಂಟುಗಟ್ಟುತ್ತವೆ. ಅದಕ್ಕೆ ಬಿಸಿಲೊಂದೇ ಸರಿ, ಬಿಸಿಲಿಲ್ಲದ ನಾಲ್ಕು ತಿಂಗಳು ಅದನ್ನು ಬಳಸದಿರುವುದು ಇನ್ನೂ ಸರಿ.

ತಾಯಿಯ ದಿಂಬನ್ನು ಬಹಳ ಮಂದಿ ಮರೆಯುತ್ತಾರೆ. ಬಾಣಂತನದಲ್ಲಿ ತಾಯಿಯ ತಲೆಗೂ ಮೈಗೂ ಎಣ್ಣೆ ಸುರಿಯುತ್ತೇವೆ, ಆ ಎಣ್ಣೆಯೆಲ್ಲ ಅವಳ ದಿಂಬಿಗೆ ಇಳಿದು ಕಮಟು ಹಿಡಿಯುತ್ತದೆ, ಮಗು ಹಾಲು ಕುಡಿಯುವಾಗ ಅದೇ ದಿಂಬಿಗೆ ಒರಗುತ್ತದೆ. ತಾಯಿಯ ದಿಂಬಿಗೆ ಒಂದು ಬೈರಾಸು (ಟವೆಲು) ಸುತ್ತಿ ಅದನ್ನು ದಿನವೂ ಬದಲಿಸುವುದು ಸುಲಭದ ಉಪಾಯ.

ಹಾಸಿಗೆಯಲ್ಲಿ ಏನಿರಬೇಕು

ಇರಬೇಕಾದದ್ದು ಕಡಿಮೆ: ಕೆಳಗೆ ಗಟ್ಟಿಯಾದ ತೆಳು ಹಾಸಿಗೆ, ಅದರ ಮೇಲೆ ನೀರು ಇಳಿಯದ ಶೀಟು, ಅದರ ಮೇಲೆ ನಾಲ್ಕೂ ಅಂಚುಗಳನ್ನು ಕೆಳಗೆ ಬಿಗಿಯಾಗಿ ಸಿಕ್ಕಿಸಿದ ಹತ್ತಿಯ ಬಟ್ಟೆ. ಮೆತ್ತನೆಯ ಗೊಂಬೆ, ಬದಿಯ ದಿಂಬು, ದಪ್ಪ ಹೊದಿಕೆ, ಜರಿಯ ಅಂಚಿನ ಉಡುಗೊರೆಯ ಹಾಸು ಇವೆಲ್ಲ ಉಸಿರಿಗೂ ಅಪಾಯ, ತೇವವನ್ನು ಹಿಡಿದಿಡುವುದರಲ್ಲಿಯೂ ಮುಂದು. ಪದರ ಹೆಚ್ಚಿದಷ್ಟೂ ಒಣಗುವ ಹೊತ್ತು ಹೆಚ್ಚುತ್ತದೆ. ಎರಡು ಪದರ ಹೊಲಿದ ಚಂದದ ಕೌದಿಗಿಂತ ಹಳೆಯ ಪಂಚೆಯ ಒಂಟಿ ಪದರದ ತುಂಡು ಮಳೆಗಾಲದಲ್ಲಿ ಹೆಚ್ಚು ಬೆಲೆಬಾಳುತ್ತದೆ, ಏಕೆಂದರೆ ಅದು ಫ್ಯಾನಿನ ಗಾಳಿಗೇ ಒಂದು ರಾತ್ರಿಯಲ್ಲಿ ಒಣಗುತ್ತದೆ.

ಹಳೆಯ ಹತ್ತಿ ಸೀರೆ, ಪಂಚೆ, ಮುಂಡುಗಳನ್ನು ಹರಿದು ಬಟ್ಟೆ ಮಾಡುವ ನಮ್ಮ ರೂಢಿ ಒಳ್ಳೆಯದು. ಹಲವು ವರ್ಷ ಒಗೆದ ಬಟ್ಟೆಯಲ್ಲಿ ಗಂಜಿಯಾಗಲಿ, ಹೊಸ ಬಟ್ಟೆಗೆ ಗಿರಣಿಯಲ್ಲಿ ಹಾಕುವ ರಾಸಾಯನಿಕವಾಗಲಿ ಉಳಿದಿರುವುದಿಲ್ಲ. ಆದರೂ ಹರಿದ ಮೇಲೆ ಒಮ್ಮೆ ಹಂಡೆಯಲ್ಲಿ ಹತ್ತು ನಿಮಿಷ ಕುದಿಸಿ, ಒಣಗಿಸಿ, ಇಸ್ತ್ರಿ ಹಾಕಿ ಬಳಸಬೇಕು. ಹೊಸದಾಗಿ ಕೊಂಡ ಬಟ್ಟೆಯನ್ನಂತೂ ಒಗೆಯದೆ ಮಗುವಿನ ಮೈಗೆ ತಾಗಿಸಬಾರದು. ಮಗುವಿನ ಬಟ್ಟೆಗೆ ಗಂಜಿ ಹಾಕುವ ಅಭ್ಯಾಸ ಬೇಡ: ಗಂಜಿ ಒರಟು, ತೇವ ಕಂಡರೆ ಬೂಸ್ಟಿಗೂ ಇರುವೆಗೂ ಅದೇ ಆಹಾರ. ಮಳೆಗಾಲಕ್ಕೆ ನನ್ನ ಲೆಕ್ಕ ಹೀಗಿದೆ: ಮಗುವಿನ ಕೆಳಗೆ ಹಾಸುವ ಸಣ್ಣ ತುಂಡುಗಳು 20ಕ್ಕೆ ಕಡಿಮೆ ಇಲ್ಲದಂತೆ, ಹಾಸಿಗೆಯ ಬಟ್ಟೆ ಆರು, ನೀರು ಇಳಿಯದ ಶೀಟು ಮೂರು. ಹೀಗೆ ಇದ್ದರೆ ಎರಡು ದಿನ ಬಿಸಿಲು ಕಾಣದಿದ್ದರೂ ಅರೆ ಒಣಗಿದ್ದನ್ನು ಹಾಸುವ ಅನಿವಾರ್ಯತೆ ಬರುವುದಿಲ್ಲ.

ರಬ್ಬರ್ ಶೀಟನ್ನು ಪ್ರತಿ ಬಾರಿ ನೆನೆದಾಗಲೂ ತೆಗೆದು, ಸಾಬೂನಿನ ನೀರಲ್ಲಿ ಒರೆಸಿ, ಎರಡೂ ಬದಿಗೆ ಗಾಳಿಯಾಡಿಸಬೇಕು. ಅದರ ಕೆಳಬದಿಯಲ್ಲಿ ನಿಲ್ಲುವ ಬೆವರನ್ನು ನೋಡುವವರು ಕಡಿಮೆ. ಹಾಸಿಗೆಗೆ ಬೂಸ್ಟು ಹತ್ತುವುದು ಅಲ್ಲಿಂದಲೇ. ಪೊಟ್ಟಣಗಳಿಗೆ ಬರುವ ತೆಳು ಪ್ಲಾಸ್ಟಿಕ್ಕನ್ನು ಶೀಟಿನ ಬದಲಿಗೆ ಎಂದೂ ಹಾಸಬೇಡಿ, ಅದು ಮಗುವಿನ ಮುಖಕ್ಕೆ ಅಂಟಿದರೆ ಉಸಿರು ಕಟ್ಟುತ್ತದೆ. ಎಣ್ಣೆ ಹಚ್ಚಿ ಮೀಯಿಸುವಾಗ ಮಗುವನ್ನು ಅಡಿಕೆ ಹಾಳೆಯಲ್ಲಿ ಮಲಗಿಸುತ್ತಿದ್ದ ನಮ್ಮ ಹಿರಿಯರ ಕ್ರಮ ಇದಕ್ಕೆಲ್ಲ ಮೇಲು. ಹಾಸಿಗೆಗೆ ಎಣ್ಣೆ ತಾಗುವುದಿಲ್ಲ, ಹಾಳೆ ಹಳತಾದರೆ ಗೊಬ್ಬರದ ಗುಂಡಿಗೆ ಹೋಗುತ್ತದೆ, ಹೊಸತು ತೋಟದಲ್ಲಿ ಬಿದ್ದಿರುತ್ತದೆ.

ಒಗೆಯುವ ಕಲ್ಲಿನ ಬಳಿ

ಮೂತ್ರದಲ್ಲಿ ನೆನೆದ ಬಟ್ಟೆಯನ್ನು ಹಾಗೆಯೇ ಒಣಗಿಸಿ ಮತ್ತೆ ಹಾಸುವುದು ಮಳೆಗಾಲದಲ್ಲಿ ಕೆಲವು ಮನೆಗಳ ಅಭ್ಯಾಸ. ಇದನ್ನು ಬಿಡಲೇಬೇಕು. ಮೂತ್ರ ಹಳತಾದಂತೆ ಅದರಿಂದ ಅಮೋನಿಯಾ ಹುಟ್ಟುತ್ತದೆ, ಮಗುವಿನ ತೊಡೆಸಂದು ಕೆಂಪಾಗಿ ಬೇಯುವುದಕ್ಕೆ ಅದೂ ಒಂದು ಕಾರಣ. ಸಾಬೂನು ಹಾಕಲು ಹೊತ್ತಿಲ್ಲದಿದ್ದರೂ ಕೂಡಲೇ ಬರಿಯ ನೀರಲ್ಲಿ ಎರಡು ಬಾರಿ ಹಿಂಡಿ ಇಡಬೇಕು.

ಮಲ ತಾಗಿದ ಬಟ್ಟೆಗೆ ಬೇರೆ ಬಕೆಟು ಇರಲಿ. ಎದೆಹಾಲು ಕುಡಿಯುವ ಕೂಸಿನ ಮಲ ನಿರುಪದ್ರವಿ ಎಂಬ ನಂಬಿಕೆ ತಪ್ಪು. ಅದರಲ್ಲಿಯೂ ರೋಗಾಣುಗಳು ಇರಬಹುದು. ಆ ಬಟ್ಟೆಯ ಮೊದಲ ನೀರು ಪಾಯಿಖಾನೆಗೆ ಹೋಗಬೇಕು. ನಮ್ಮಲ್ಲಿ ಒಗೆಯುವ ಕಲ್ಲು ಸಾಮಾನ್ಯವಾಗಿ ಬಾವಿಕಟ್ಟೆಯ ಪಕ್ಕದಲ್ಲೇ ಇರುತ್ತದೆ. ಮುರಕಲ್ಲಿನ ನೆಲ ತೂತುಗಳಿಂದ ತುಂಬಿದ್ದು. ಅಲ್ಲಿ ಚೆಲ್ಲಿದ ನೀರು ಸೋಸಿಹೋಗದೆ ಬಾವಿಗೆ ಇಳಿಯುವುದು ಕಷ್ಟವೇನಲ್ಲ, ಮಳೆಗಾಲದಲ್ಲಿ ನೀರಿನ ಮಟ್ಟ ಮೇಲೆ ಬಂದಾಗಲಂತೂ ಇನ್ನೂ ಸುಲಭ. ಮಗುವಿನ ಬಟ್ಟೆಯ ಕೊಳೆ ಅದೇ ಮಗುವಿನ ಅಣ್ಣ ಅಕ್ಕಂದಿರು ಕುಡಿಯುವ ನೀರಿಗೆ ಸೇರಬಾರದು ಎಂಬ ಒಂದೇ ಕಾರಣಕ್ಕಾಗಿಯಾದರೂ ಈ ಕೆಲಸಕ್ಕೆ ಬಾವಿಯಿಂದ ದೂರದ ಜಾಗವನ್ನು ಆರಿಸಿಕೊಳ್ಳಿ. ದೊಡ್ಡ ಮಳೆಯ ಮರುದಿನ ಬಾವಿಯ ನೀರು ಕದಡಿದ್ದರೆ ಪಾತ್ರೆಯಲ್ಲಿ ತಂಗಿಸಿ, ತಿಳಿಯನ್ನು ಮಾತ್ರ ಬಳಸಿ.

ಕಲೆಗಳಿಗೆ ಒಂದೊಂದಕ್ಕೆ ಒಂದೊಂದು ಮರ್ಯಾದೆ ಇದೆ. ಕಕ್ಕಿದ ಹಾಲು, ಮಲ, ರಕ್ತದ ಕಲೆಗಳನ್ನು ಮೊದಲು ತಣ್ಣೀರಲ್ಲಿ ತೊಳೆಯಬೇಕು. ಅವುಗಳಲ್ಲಿರುವ ಪ್ರೋಟೀನು ಬಿಸಿನೀರು ತಾಗಿದರೆ ಬೆಂದು ನೂಲಿಗೆ ಅಂಟಿಕೊಳ್ಳುತ್ತದೆ. ತೆಂಗಿನೆಣ್ಣೆಯ ಕಲೆಗೆ ಇದಕ್ಕೆ ಉಲ್ಟಾ: ಕಡಲೆಹಿಟ್ಟನ್ನೋ ಸಾಬೂನನ್ನೋ ಒಣ ಬಟ್ಟೆಗೇ ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ಬಿಸಿನೀರಲ್ಲಿ ಒಗೆಯಬೇಕು. ಅರಸಿನದ ಕಲೆ ಸಾಬೂನು ಬಿದ್ದ ಕೂಡಲೇ ಕೆಂಪಾಗುತ್ತದೆ, ಇದನ್ನು ನೋಡಿ ರಕ್ತವೆಂದು ಗಾಬರಿಯಾದ ಹೊಸ ತಾಯಂದಿರಿದ್ದಾರೆ. ಸಾಬೂನಿನ ಕ್ಷಾರಕ್ಕೆ ಅರಸಿನ ಬಣ್ಣ ಬದಲಿಸುವುದು ಅದರ ಗುಣ. ಅರಸಿನದ ಬಣ್ಣ ಬೆಳಕಿಗೆ ಮಾಸುತ್ತದೆ. ಎಷ್ಟು ಉಜ್ಜಿದರೂ ಹೋಗದ ಕಲೆ ಎರಡು ಬಿಸಿಲಿಗೆ ತಾನಾಗಿ ಹೋಗುತ್ತದೆ. ಅದಕ್ಕಾಗಿ ಬ್ಲೀಚು ಹಾಕುವ ಅಗತ್ಯವಿಲ್ಲ.

ಬ್ಲೀಚನ್ನು ಮಗುವಿನ ಬಟ್ಟೆಗೆ ನಾನು ದಿನವೂ ಬಳಸುವುದಿಲ್ಲ. ಬಳಸುವವರು ಮೂತ್ರವನ್ನು ಪೂರ್ತಿ ತೊಳೆದ ಮೇಲೆಯೇ ಹಾಕಬೇಕು, ಪಾಯಿಖಾನೆ ತೊಳೆಯುವ ಆ್ಯಸಿಡ್ಡಿನ ಜೊತೆ ಎಂದೂ ಬೆರೆಸಬಾರದು. ಅಮೋನಿಯಾದ ಜೊತೆಯೂ ಆ್ಯಸಿಡ್ಡಿನ ಜೊತೆಯೂ ಅದು ವಿಷದ ಅನಿಲವನ್ನು ಉಗುಳುತ್ತದೆ. ರೋಗಾಣುನಾಶಕ ದ್ರವವನ್ನು ಕೊನೆಯ ನೀರಿಗೆ ಹಾಕಿ ಹಾಗೆಯೇ ಹಿಂಡಿ ಒಣಗಿಸುವ ರೂಢಿಯೂ ಇದೆ. ಅದು ಬಟ್ಟೆಯಲ್ಲೇ ಉಳಿದು ಎಳೆಯ ಚರ್ಮವನ್ನು ಕೆರಳಿಸಬಹುದು. ಸುವಾಸನೆಯ ಮೆದುಕಾರಕಗಳೂ ಹಾಗೆಯೇ. ಸಾಬೂನಿನ ಪುಡಿ ಹೆಚ್ಚು ಹಾಕಿದರೆ ಹೆಚ್ಚು ಶುಚಿಯಾಗುತ್ತದೆ ಎಂದು ತಿಳಿಯಬೇಡಿ. ನೊರೆ ಹೋಗಿ ನೀರು ತಿಳಿಯಾಗುವವರೆಗೆ ಜಾಲಿಸುವುದು ಮುಖ್ಯ, ಅದಕ್ಕೆ ಸಾಮಾನ್ಯವಾಗಿ ಮೂರು ನೀರು ಬೇಕು. ಅಂಟುವಾಳದ ಕಾಯಿಯ ರಸವೂ ತಕ್ಕಮಟ್ಟಿಗೆ ಒಗೆಯುತ್ತದೆ, ಆದರೆ ಮಲದ ಬಟ್ಟೆಗೆ ಸಾಬೂನೇ ಬೇಕು.

ಹಾಸಿಗೆಯ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯುವುದಕ್ಕೆ ಒಂದು ಕಾರಣವಿದೆ. ತೆಂಗಿನ ನುಸಿಪೀಡೆಯನ್ನು ಕಂಡ ನಮಗೆ ನುಸಿ ಹೊಸ ಹೆಸರಲ್ಲ. ಅದರ ದೂರದ ಬಳಗದ ಧೂಳುನುಸಿ, ಉದ್ದ ಸುಮಾರು 0.2ರಿಂದ 0.3 ಮಿಲಿಮೀಟರ್, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಹಾಸಿಗೆ ದಿಂಬುಗಳಲ್ಲಿ ಬದುಕುತ್ತದೆ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಹೀರಿಯೇ ಜೀವಿಸುತ್ತದೆ, ಆದ್ದರಿಂದ ಕರಾವಳಿಯ ಗಾಳಿ ಅದಕ್ಕೆ ಸ್ವರ್ಗ. ಅದರ ಹಿಕ್ಕೆ ಕೆಲವು ಮಕ್ಕಳಲ್ಲಿ ಮೂಗು ಸೋರುವಿಕೆ, ಇಸುಬು, ಉಬ್ಬಸಗಳನ್ನು ಕೆರಳಿಸುತ್ತದೆ. ತಣ್ಣೀರಲ್ಲಿ ಒಗೆದರೆ ಹಿಕ್ಕೆ ಬಹುಪಾಲು ಹೋಗುತ್ತದೆ, ನುಸಿ ಸಾಯುವುದಿಲ್ಲ. 60 ಡಿಗ್ರಿ ಬಿಸಿಯಲ್ಲಿ ಸಾಯುತ್ತದೆ. ಮನೆಯಲ್ಲಿ ಉಷ್ಣಮಾಪಕ ಇಲ್ಲದಿದ್ದರೂ ಲೆಕ್ಕ ಕಷ್ಟವಿಲ್ಲ. ಕುದಿಯುವ ನೀರು ಎರಡು ಪಾಲು, ಬಾವಿಯ ನೀರು ಒಂದು ಪಾಲು ಬೆರೆಸಿದರೆ, ಬಟ್ಟೆ ಮತ್ತು ಬಕೆಟು ಹೀರುವ ಬಿಸಿಯನ್ನು ಕಳೆದರೂ, ಬೇಕಾದಷ್ಟು ಬಿಸಿ ಉಳಿಯುತ್ತದೆ. ಕಲೆಗಳನ್ನು ಮೊದಲೇ ತಣ್ಣೀರಲ್ಲಿ ತೆಗೆದ ಬಟ್ಟೆಯನ್ನು ಅದರಲ್ಲಿ ಮುಳುಗಿಸಿ, ಕೋಲಿನಿಂದ ಒತ್ತಿ, ಕಾಲು ಗಂಟೆ ಮುಚ್ಚಿಡಿ. ಹರಿದಾಡುವ ಮಕ್ಕಳಿರುವ ಮನೆಯಲ್ಲಿ ಆ ಬಕೆಟು ಬಚ್ಚಲುಮನೆಯಿಂದ ಹೊರಗೆ ಬರಬಾರದು.

ಒಣಗಿಸುವುದು

ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನಗಳೊಳಗೇ ಬೂಸ್ಟು ಬೆಳೆಯತೊಡಗುತ್ತದೆ. ಮಲಯಾಳದಲ್ಲಿ ಕರಿಂಬನ್ ಎನ್ನುವ ಕಪ್ಪು ಚುಕ್ಕೆಗಳು ಕಾಣುವ ಹೊತ್ತಿಗೆ ಅದು ನೂಲಿನ ಒಳಗೆ ಬೇರುಬಿಟ್ಟಾಗಿರುತ್ತದೆ. ಆದ್ದರಿಂದ ಒಗೆದ ಬಟ್ಟೆ ಅದೇ ದಿನ, ತಪ್ಪಿದರೆ ಮರುದಿನ ಬೆಳಿಗ್ಗೆಯೊಳಗೆ ಒಣಗುವಷ್ಟನ್ನೇ ಒಗೆಯಬೇಕು. ಮೂರು ದಿನದ ಬಟ್ಟೆಯನ್ನು ಕೂಡಿಟ್ಟು ಒಂದೇ ಬಾರಿ ಒಗೆದು ಹಗ್ಗದ ಮೇಲೆ ಒತ್ತೊತ್ತಾಗಿ ಹಾಕಿದರೆ ಎಲ್ಲವೂ ಕೆಡುತ್ತವೆ.

ಹಿಂಡಿದ ಬಟ್ಟೆಯನ್ನು ದಪ್ಪ ಒಣ ಬೈರಾಸಿನೊಳಗೆ ಸುರುಳಿ ಸುತ್ತಿ ಮೇಲೆ ಮೊಣಕಾಲೂರಿ ಒತ್ತಿದರೆ ಉಳಿದ ನೀರಿನಲ್ಲಿ ಹೆಚ್ಚಿನ ಪಾಲು ಬೈರಾಸಿಗೆ ಇಳಿಯುತ್ತದೆ. ಒಗೆಯುವ ಯಂತ್ರ ಇರುವವರು ಎರಡು ಬಾರಿ ತಿರುಗಿಸಿ ಹಿಂಡಿ, ಆಮೇಲೆ ಯಂತ್ರದ ಬಾಗಿಲನ್ನು ತೆರೆದಿಡಿ, ಮುಚ್ಚಿಟ್ಟ ಯಂತ್ರದ ರಬ್ಬರಿನ ಸಂದಿನಲ್ಲಿ ಬೂಸ್ಟು ಮನೆಮಾಡುತ್ತದೆ. ಹಗ್ಗದಲ್ಲಿ ಎರಡು ಬಟ್ಟೆಗಳ ನಡುವೆ ಒಂದು ಗೇಣು ಎಡೆ ಇರಲಿ. ಜಗಲಿಯಲ್ಲಿ, ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಹೋಗುವ ಜಾಗದಲ್ಲಿ ಒಣಗಿಸಿ. ಬಾಣಂತಿ ಮತ್ತು ಮಗು ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟುವುದು ನಮ್ಮ ಮನೆಗಳ ಹಳೆಯ ತಪ್ಪು. ಬಟ್ಟೆ ಬಿಟ್ಟ ನೀರೆಲ್ಲ ಆ ಕೋಣೆಯ ಗಾಳಿಗೇ ಸೇರಿ, ಗೋಡೆಗೂ ಹಾಸಿಗೆಗೂ ಇಳಿಯುತ್ತದೆ.

ಅಡಿಕೆ ಒಣಗಿಸಲು ಪಾರದರ್ಶಕ ಶೀಟು ಹೊದಿಸಿ ಕಟ್ಟಿದ ಗೂಡು ಅನೇಕ ಮನೆಗಳ ಅಂಗಳದಲ್ಲಿದೆ. ಮಳೆಗಾಲದಲ್ಲಿ ಅದು ಖಾಲಿ. ಮೋಡ ಸ್ವಲ್ಪ ತೆಳುವಾದರೂ ಒಳಗೆ ಹೊರಗಿಗಿಂತ ಬೆಚ್ಚಗಿರುತ್ತದೆ. ಮಗುವಿನ ಬಟ್ಟೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋರಿಲ್ಲ. ಎರಡು ತುದಿಗಳನ್ನೂ ತೆರೆದಿಡಬೇಕು, ಇಲ್ಲದಿದ್ದರೆ ಒಳಗೆ ಹಬೆ ಕಟ್ಟುತ್ತದೆ. ಗೂಡಿನಲ್ಲಿ ಗೊಬ್ಬರ, ಕೀಟನಾಶಕ, ಸ್ಪ್ರೇಯರ್ ಇಟ್ಟಿದ್ದರೆ ಮಾತ್ರ ಆ ಕಡೆ ಹೋಗಲೇಬೇಡಿ.

ಇದರ ಜೊತೆಗೆ ಹೇಳಲೇಬೇಕಾದ ಮಾತು ಅಡಿಕೆಗೆ ಮದ್ದು ಬಿಡುವ ದಿನದ್ದು. ಕೊಳೆರೋಗಕ್ಕೆ ಮಳೆಗೆ ಮೊದಲೊಮ್ಮೆ, ಮತ್ತೆ ಮಳೆಯ ನಡುವೆ ಬಿಸಿಲು ಬಿಟ್ಟ ದಿನ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮರದ ತುದಿಗೆ ಹಾರಿಸುತ್ತೇವೆ. ಬಟ್ಟೆ ಒಣಗಿಸಲು ಕಾದು ಕುಳಿತ ತಾಯಿಗೂ ಸಿಗುವ ಬಿಸಿಲು ಅದೇ ದಿನದ್ದು. ಗಾಳಿಯಲ್ಲಿ ತೇಲಿದ ಹನಿಗಳು ತೋಟದಂಚಿನ ಹಗ್ಗಕ್ಕೆ ಬೀಳುತ್ತವೆ. ಆ ದಿನ ಮಗುವಿನ ಬಟ್ಟೆ ಒಳಗೇ ಇರಲಿ; ಮದ್ದು ಬಿಟ್ಟವರ ಬಟ್ಟೆಯನ್ನು ಮಗುವಿನ ಬಟ್ಟೆಯೊಡನೆ ಒಂದೇ ಬಕೆಟಿಗೆ ಹಾಕಬೇಡಿ, ಮೀಯದೆ ಮಗುವನ್ನು ಎತ್ತಿಕೊಳ್ಳಲೂ ಬೇಡಿ.

ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವ ಪದ್ಧತಿ ಇನ್ನೂ ಉಳಿದಿದೆ. ಬಿಸಿ ಒಳ್ಳೆಯದು, ಹೊಗೆ ಒಳ್ಳೆಯದಲ್ಲ. ಹಸಿ ಸೌದೆಯ ಹೊಗೆ ಹಿಡಿದ ಬಟ್ಟೆ ಮಗುವಿನ ಮೂಗಿಗೆ ರಾತ್ರಿಯಿಡೀ ಹೊಗೆಯನ್ನೇ ಕೊಡುತ್ತದೆ. ಸ್ನಾನ ಮುಗಿದು, ಬೆಂಕಿ ಕೆಂಡವಾಗಿ, ಹೊಗೆ ಹೋದ ಮೇಲೆ ಆ ಬಿಸಿಯಲ್ಲಿ ಬಟ್ಟೆ ಹರವಬಹುದು, ಕೆಂಡಕ್ಕೆ ಬೀಳದಷ್ಟು ದೂರದಲ್ಲಿ. ಹಾಸಿಗೆಗೆ ಸಾಂಬ್ರಾಣಿ, ಧೂಪ ಹಿಡಿಯುವುದರಿಂದ ವಾಸನೆ ಮುಚ್ಚಿಹೋಗುತ್ತದೆಯೇ ಹೊರತು ಬೂಸ್ಟು ಸಾಯುವುದಿಲ್ಲ. ಎಳೆಯ ಶ್ವಾಸಕೋಶಕ್ಕೆ ಆ ಹೊಗೆಯೂ ಹೊಗೆಯೇ.

ಕೊನೆಗೆ ಇಸ್ತ್ರಿ. ಮುಕ್ಕಾಲು ಒಣಗಿದ ಬಟ್ಟೆಯನ್ನು ಎರಡೂ ಬದಿಗೆ, ಹೊಲಿಗೆಯ ಗೆರೆ ಮತ್ತು ಅಂಚುಗಳ ಮೇಲೆ ನಿಧಾನವಾಗಿ ಇಸ್ತ್ರಿ ಮಾಡಿದರೆ ಉಳಿದ ತೇವವೂ ಹೋಗುತ್ತದೆ, ಬಟ್ಟೆಯಲ್ಲಿ ಉಳಿದ ಹುಳಗಳ ಮೊಟ್ಟೆಯೂ ಸಾಯುತ್ತದೆ. ಹಬೆ ಆರುವವರೆಗೆ ಹರವಿಟ್ಟು ಆಮೇಲೆ ಮಡಚಬೇಕು. ಗಾಳಿ ಮಳೆಗೆ ಕರೆಂಟು ಹೋಗುವುದು ನಮ್ಮಲ್ಲಿ ದಿನನಿತ್ಯದ ಮಾತು, ಆದ್ದರಿಂದ ಇಸ್ತ್ರಿಯ ಕೆಲಸವನ್ನು ಸಂಜೆಗೆ ಉಳಿಸಿಕೊಳ್ಳಬೇಡಿ.

ಹೊರಗೆ ಒಣಗಿದ ಬಟ್ಟೆಯನ್ನು ಮಡಚುವ ಮೊದಲು ತಿರುಗಿಸಿ ಕೊಡವುವುದನ್ನು ಎಂದೂ ತಪ್ಪಿಸಬಾರದು. ನುಗ್ಗೆಮರದ ಬಳಿಯ ಹಗ್ಗದಲ್ಲಿ ಕಂಬಳಿಹುಳದ ರೋಮ ಅಂಟಿಕೊಳ್ಳುತ್ತದೆ, ಮಾವಿನ ಕೊಂಬೆಗೆ ಕಟ್ಟಿದ ಹಗ್ಗದ ಮೇಲೆ ಕೆಂಪಿರುವೆ ಸಾಲುಗಟ್ಟುತ್ತದೆ. ಕಾರಣ ತಿಳಿಯದೆ ಮಗು ಚಿಟ್ಟನೆ ಚೀರಿ ಅತ್ತಾಗ ಮೊದಲು ಅಡಿಯ ಬಟ್ಟೆಯನ್ನು ತೆಗೆದು ನೋಡಿ.

ರಬ್ಬರ್ ತೋಟದ ಸಮೀಪದ ಮನೆಯವರಿಗೆ ಇನ್ನೊಂದು ಕಾಟವಿದೆ. ಉದುರಿದ ರಬ್ಬರ್ ಎಲೆಯನ್ನು ತಿಂದು ಬೆಳೆಯುವ, ಮಲಯಾಳದಲ್ಲಿ ಮುಪ್ಲಿ ವಂಡು ಎನ್ನುವ ಸಣ್ಣ ಕರಿಹುಳು ಬೇಸಿಗೆಯ ಮೊದಲ ಮಳೆ ಬಿದ್ದ ಕೂಡಲೇ ರಾಶಿರಾಶಿಯಾಗಿ ಮನೆಗೆ ನುಗ್ಗಿ ಮಾಡಿನ ಸಂದಿಗಳಲ್ಲಿ ಸೇರಿ, ರಾತ್ರಿ ಹಾಸಿಗೆಯ ಮೇಲೆ ಉದುರುತ್ತದೆ. ಒತ್ತಿದರೆ ಅದು ಬಿಡುವ ರಸ ಚರ್ಮವನ್ನು ಸುಡುತ್ತದೆ. ಮಲಗಿಸುವ ಮೊದಲು ಹಾಸಿಗೆ ಕೊಡವಿ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಕ್ಕೆ ಸಿಕ್ಕಿಸುವುದೇ ಇದಕ್ಕೆ ದಾರಿ. ಬರಿಯ ನೂಲಿನ ಪರದೆಯನ್ನು ಹದಿನೈದು ದಿನಕ್ಕೊಮ್ಮೆ ಒಗೆಯಬಹುದು. ಔಷಧಿ ಬೆರೆತ ಪರದೆಯನ್ನು ಹಾಗೆ ಪದೇ ಪದೇ ಒಗೆಯಬಾರದು. ಅದರ ಔಷಧಿ ಸುಮಾರು 20 ಒಗೆತಗಳಿಗೆ ಮಾತ್ರ ಬಾಳುವಂಥದ್ದು, ಒಗೆದರೂ ನೆರಳಿನಲ್ಲಿಯೇ ಒಣಗಿಸಬೇಕು.

ತೆಗೆದಿಡುವಾಗ ನುಸಿಗುಳಿಗೆ ಬೇಡ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಮೊದಲ ಮಗುವಿನ ಬಟ್ಟೆ, ಹಾಸಿಗೆಗಳನ್ನು ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಇಟ್ಟು, ಎರಡನೆಯ ಮಗುವಿಗೆ ಹೊರತೆಗೆಯುವುದು ನಮ್ಮಲ್ಲಿ ಸಾಮಾನ್ಯ. ಆ ಬಿಳಿ ಗುಳಿಗೆ ನ್ಯಾಫ್ತಲೀನ್. ಅದು ಆವಿಯಾಗಿ ಬಟ್ಟೆಗೆ ಸೇರುತ್ತದೆ, ಬಟ್ಟೆಯಿಂದ ಮಗುವಿನ ಉಸಿರಿಗೂ ಚರ್ಮಕ್ಕೂ ಸೇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆಯನ್ನು ಉಂಟುಮಾಡಬಲ್ಲದು. ಕಾಮಾಲೆ ಮಿತಿಮೀರಿದರೆ ಮೆದುಳಿಗೇ ಹಾನಿ. ಕೊರತೆ ಇದೆಯೆಂದು ಮಗುವಿನ ಮುಖ ನೋಡಿ ತಿಳಿಯುವುದಿಲ್ಲ, ಆದ್ದರಿಂದ ಎಳೆಮಗುವಿರುವ ಮನೆಯ ಯಾವ ಪೆಟ್ಟಿಗೆಯಲ್ಲೂ ನುಸಿಗುಳಿಗೆ ಇರಬಾರದು. ಈಗಾಗಲೇ ಹಾಕಿಟ್ಟ ಬಟ್ಟೆಯಾದರೆ ಒಗೆದು, ವಾಸನೆ ಸಂಪೂರ್ಣ ಹೋಗುವವರೆಗೆ ಎಷ್ಟು ದಿನವಾದರೂ ಬಿಸಿಲಿಗೆ ಹಾಕಬೇಕು. ವಾಸನೆ ಉಳಿದದ್ದು ಮಗುವಿಗೆ ಬೇಡವೇ ಬೇಡ. ಪೂರ್ತಿ ಒಣಗಿದ ಬಟ್ಟೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಣ ಕಹಿಬೇವಿನ ಎಲೆಯನ್ನೋ ಲಾವಂಚದ ಬೇರನ್ನೋ ಬಟ್ಟೆಯಲ್ಲಿ ಕಟ್ಟಿ ಜೊತೆಗಿಟ್ಟರೆ ಸಾಕು. ಕಪಾಟನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ.

ಕಾಯಿಲೆ ಬಂದಾಗ

ಭೇದಿಯಾದ ಮಗುವಿನ ಹಾಸಿಗೆಯ ಬಟ್ಟೆಯನ್ನು ದಿನವೂ ಕುದಿಸಿ ಒಗೆಯಿರಿ, ಒಗೆದವರು ಸಾಬೂನಿನಿಂದ ಕೈ ತೊಳೆಯದೆ ಅಡಿಗೆಮನೆಗೆ ಹೋಗಬೇಡಿ. ತುರಿಕಜ್ಜಿ ಬಂದರೆ ವೈದ್ಯರು ಕೊಟ್ಟ ಮುಲಾಮನ್ನು ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಂಡು, ಅದೇ ದಿನ ಎಲ್ಲರ ಹಾಸು ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆಯಬೇಕು. ಕಜ್ಜಿಯ ಹುಳು ಮನುಷ್ಯರ ಮೈಯಿಂದ ದೂರವಾದರೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ, ಆದ್ದರಿಂದ ಒಗೆಯಲಾಗದ ಹಾಸಿಗೆ, ಕಂಬಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಟ್ಟರೆ ಸಾಕಾಗುತ್ತದೆ. ನವಜಾತ ಶಿಶುವಿನ ಮೈಯಲ್ಲಿ ಕೀವಿನ ಗುಳ್ಳೆ ಕಂಡರೆ ಅಥವಾ ಹೊಕ್ಕುಳ ಸುತ್ತ ಕೆಂಪು, ವಾಸನೆ ಕಂಡರೆ ಹಾಸಿಗೆ ಒಗೆಯುತ್ತ ಕಾಯಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.

ಮಳೆ ಬಿಟ್ಟ ಮೇಲೆ

ನವರಾತ್ರಿ ಕಳೆದು ಬಿಸಿಲು ಗಟ್ಟಿಯಾದಾಗ ಹಾಸಿಗೆಯನ್ನೇ ಅಂಗಳಕ್ಕೆ ತನ್ನಿ. ಫೋಮಿನ ಹಾಸಿಗೆಗೆ ಮಳೆಗಾಲದಲ್ಲಿ ನೀರು ಇಳಿದಿದ್ದರೆ ಒಳಗಿನ ತೇವ ಹೊರಗೆ ತೋರುವುದಿಲ್ಲ; ಹೊದಿಕೆಯ ಜಿಪ್ಪು ಬಿಚ್ಚಿ ಅಡಿಬದಿಯನ್ನು ನೋಡಿ, ಕಪ್ಪು ಚುಕ್ಕೆ ಫೋಮಿನಲ್ಲೇ ಕಂಡರೆ ಅದು ಒಗೆತಕ್ಕೂ ಬಿಸಿಲಿಗೂ ಹೋಗುವುದಿಲ್ಲ, ಎಷ್ಟು ಹಣ ಕೊಟ್ಟು ತಂದದ್ದಾದರೂ ಮಗುವಿನ ಕೋಣೆಯಿಂದ ಹೊರಗೆ ಹಾಕಬೇಕು. ಕೇದಗೆ ಓಲೆಯ ಚಾಪೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನಿಲ್ಲಿಸಿ ಒಣಗಿಸಿದರೆ ಆಯಿತು. ಬೂರುಗದ ಹಾಸಿಗೆಗೆ ಮಾತ್ರ ಒಂದು ಹಗಲು ಬೇಕು. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಚಾಪೆಯ ಮೇಲೆ ಹಾಕಿ, ಎರಡು ಗಂಟೆಗೊಮ್ಮೆ ಮಗುಚಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಬಡಿದು ಧೂಳು ಹಾರಿಸಿ. ಆ ಹೊತ್ತಿಗೆ ಮಗು ಮನೆಯ ಇನ್ನೊಂದು ಬದಿಯಲ್ಲಿರಲಿ. ಹತ್ತಿ ಗಂಟುಗಟ್ಟಿದ್ದರೆ ಹೊಲಿಗೆ ಬಿಚ್ಚಿ, ಬಿಡಿಸಿ, ಗಾಳಿಗೆ ಹಾರದಂತೆ ಹಳೆಯ ಸೊಳ್ಳೆಪರದೆಯ ಕೆಳಗೆ ಎರಡು ದಿನ ಹರವಿ, ಹೊಸ ಚೀಲಕ್ಕೆ ತುಂಬಿ ಹೊಲಿಯಬೇಕು. ಸಂಜೆಯ ಇಬ್ಬನಿ ಬೀಳುವ ಮೊದಲೇ, ಸುಮಾರು ನಾಲ್ಕು ಗಂಟೆಗೆ, ಒಳಗೆ ತನ್ನಿ, ಬಿಸಿ ಆರುವವರೆಗೆ ಬಟ್ಟೆ ಹಾಸದೆ ಹಾಗೆಯೇ ಬಿಡಿ.